ಕಲ್ಲಿನ ಸವಾರಿ

ಕಡವಿನ ಮನೆ, ನರಸಿಂಹರಾಜಪುರ
30 ಮೇ 2004

ನಯನಾ,

ನೀನು ಕಳಿಸಿದ ದೋಣಿ ಬಂತು. ನಿನ್ನೆ ಮಧ್ಯಾಹ್ನ ಅದನ್ನು ಹೊತ್ತ ಲಾರಿ ಬಂದು ಮಲ್ಲೇಶಪ್ಪನ ಅಂಗಡಿ ಮುಂದೆ ನಿಂತಾಗ ಊರೇ ನೆರೆದಿತ್ತು. ಸಮುದ್ರದ ದೋಣಿಯೊಂದು ಗಂಗೊಳ್ಳಿಯಿಂದ ಘಾಟಿ ಹತ್ತಿ, ತೀರ್ಥಹಳ್ಳಿ, ಕೊಪ್ಪ ದಾಟಿ ನಮ್ಮ ಭದ್ರಾ ಹಿನ್ನೀರಿಗೆ ಬಂದದ್ದು ಇದೇ ಮೊದಲಿರಬೇಕು. ಮಲ್ಲೇಶಪ್ಪ ಗಿರಾಕಿಗಳನ್ನು ಬಿಟ್ಟು ಓಡಿಬಂದ. "ಜಲಜಮ್ಮ, ಇದು ದೋಣಿಯೋ ಹಡಗೋ ಮಾರಾಯ್ತಿ? ಇದ್ರಲ್ಲಿ ಕೂತ್ರೆ ಅರಬ್ ದೇಶಕ್ಕೇ ಹೋಗ್ಬೋದು" ಅಂದ. "ನೀನು ಮೊದ್ಲು ಆಚೆ ದಡದಲ್ಲಿ ನೆಟ್ಟಗೆ ಇಳಿಯೋದು ಕಲಿ, ಹೋದ ವರ್ಷ ಕೆಸರಿಗೆ ಬಿದ್ದಿದ್ದು ಮರ್ತ್ಯಾ" ಅಂದೆ. ಎಲ್ಲರೂ ನಕ್ಕರು.

ಹನ್ನೆರಡು ಜನ ಸೇರಿ ಇಳಿಸಿದರು. ನಾನು ಈ ತುದಿಯಿಂದ ಆ ತುದಿಯವರೆಗೆ ಬಡಿದು ನೋಡಿದೆ. ನನ್ನ ಬಡಿತ ನಿನಗೆ ಗೊತ್ತಲ್ಲ. ತೊಲೆ ಏರಿಸುವವರು, ಹಲಸಿನ ಕಾಯಿ ಬಲಿತಿದೆಯೋ ಎಂದು ಅನುಮಾನವಿದ್ದವರು ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ಮರ ಗಟ್ಟಿಯಿದೆ. ತೆಪ್ಪದಲ್ಲಿ ಮೀನು ಹಿಡಿಯುವ ನಮ್ಮ ಗುರುವ ಮಾತ್ರ ಎದುರಿಗೆ ಬಂದು ನಿಂತು "ಅಮ್ಮಾ, ತಳದಲ್ಲಿ ಒಂಚೂರು ಟೊಳ್ಳು ಅಂದಂಗಾಯ್ತಲ್ಲ?" ಎಂದ. "ಹೋಗಿ ಕಿವಿ ತೊಳ್ಕಂಡ್ ಬಾ" ಎಂದು ಗದರಿಸಿದೆ. ತಳದಲ್ಲಿ ಸಾಸಿವೆ ಕಾಳಿನಷ್ಟು ಐದಾರು ತೂತು ಬಿಟ್ಟರೆ ಮೈಯೆಲ್ಲ ನುಣ್ಣಗಿದೆ. ನಾಳೆ ಡಾಂಬರು ಹಾಕಿಸುತ್ತೇನೆ.

ಹೋದ ವರ್ಷ ಹಳೆಯ ದೋಣಿ ಕೈಕೊಟ್ಟಾಗ "ಜನರನ್ನು ದಾಟಿಸಿದ್ದು ಸಾಕು, ಕಡವು ಬಿಟ್ಟು ನನ್ನ ಜೊತೆ ಬಂದಿರು" ಎಂದು ನೀನು ಹಟ ಹಿಡಿದದ್ದು, ನಾನು ಆರು ತಿಂಗಳು ಮಾತು ಬಿಟ್ಟದ್ದು, ಎಲ್ಲ ಮುಗಿಯಿತು ಎಂದುಕೋ. ಈ ದೋಣಿ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಏನೂ ಇಲ್ಲ.

ಅಂಗಡಿಗೆ ಫೋನ್ ಮಾಡಿ ನನ್ನನ್ನು ಕರೆಸಬೇಡ. ಅಲ್ಲಿ ಕೂತವರಿಗೆಲ್ಲ ನಮ್ಮ ಮಾತೇ ತಿಂಡಿ. ಕಾಗದ ಬರಿ.

ನಿನ್ನ ಅಮ್ಮ


ಗಂಗೊಳ್ಳಿ
8 ಜೂನ್ 2004

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆರು ತಿಂಗಳ ಮೌನಕ್ಕೆ ಒಂದು ದೋಣಿ ಮದ್ದಾಗುತ್ತದೆ ಎಂದು ಗೊತ್ತಿದ್ದರೆ ಮೊದಲ ವಾರವೇ ಹುಡುಕುತ್ತಿದ್ದೆ. ಅದರ ಯಜಮಾನ ಸೂರ ಖಾರ್ವಿಗೂ ಓದಿ ಹೇಳಿದೆ. ಎಂಜಿನ್ ದೋಣಿ ತೆಗೆದುಕೊಂಡ ಮೇಲೆ ಎರಡು ವರ್ಷದಿಂದ ಇದನ್ನು ಅಳಿವೆಯಲ್ಲಿ ಸುಮ್ಮನೆ ಕಟ್ಟಿಹಾಕಿದ್ದ. ಘಾಟಿ ಮೇಲೆ ಯಾರಿಗೋ ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೂ ಖುಷಿ.

ಅಷ್ಟು ಓದಿ ಹಲಗೆ ತುಂಡನ್ನು ನೀರಿಗೆ ಇಳಿಬಿಡುವುದು ಎಂಥ ಕೆಲಸ ಎಂದು ನೀನು ಕೇಳಿದ್ದೆಯಲ್ಲ, ಈಗ ಹೇಳುತ್ತೇನೆ ಕೇಳು. ಮಾವು, ಮತ್ತಿ, ಹೊನ್ನೆ, ಹೆಬ್ಬಲಸು, ಹೀಗೆ ಒಂದೊಂದು ಮರದ ತುಂಡನ್ನು ಹಗ್ಗಕ್ಕೆ ಕಟ್ಟಿ ಅಳಿವೆಯಲ್ಲಿ ಮುಳುಗಿಸುತ್ತೇವೆ. ಮರ ಕೊರೆಯುವ ಜೀವಿ ಯಾವುದನ್ನು ಎಷ್ಟು ತಿಂದಿದೆ ಎಂದು ಆಮೇಲೆ ಸೀಳಿ ನೋಡುತ್ತೇವೆ. ಜನ ಅದನ್ನು ಹುಳ ಎನ್ನುತ್ತಾರೆ. ಹುಳವಲ್ಲ, ಅದು ಕಪ್ಪೆಚಿಪ್ಪಿನ ಜಾತಿ. ಚಿಪ್ಪಿನೊಳಗೆ ಮೈ ಅಡಗಿಸಿಕೊಳ್ಳುವ ಬದಲು ಮೈಯನ್ನು ಮೊಳದುದ್ದ ಬೆಳೆಸಿಕೊಂಡಿದೆ. ತಲೆಯ ತುದಿಯಲ್ಲಿ ಉಗುರಿನಷ್ಟು ಎರಡು ಚಿಪ್ಪು ಮಾತ್ರ ಉಳಿದಿವೆ. ಅದೇ ಅದರ ಅರ. ಆ ಅರದಿಂದ ಮರ ಉಜ್ಜಿ ಉಜ್ಜಿ ಒಳಗೆ ಹೋಗುತ್ತದೆ, ಉಜ್ಜಿದ ಪುಡಿಯನ್ನೇ ತಿನ್ನುತ್ತದೆ, ಹೋದ ದಾರಿಗೆಲ್ಲ ಸುಣ್ಣ ಬಳಿದುಕೊಳ್ಳುತ್ತದೆ. ಮರ ಅರಗಿಸುವುದಕ್ಕೆ ಅದರ ಕಿವಿರಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಬೇರೆ ಇವೆ. ನೋಡಿದರೆ ಮೆಚ್ಚಿಕೊಳ್ಳುತ್ತೀಯ. ಇವು ಇಲ್ಲದಿದ್ದರೆ ಹೊಳೆ ತಂದು ಸುರಿಯುವ ಸತ್ತ ಮರಗಳಿಂದ ಅಳಿವೆಗಳೆಲ್ಲ ಕಟ್ಟಿಹೋಗುತ್ತಿದ್ದವು.

ನಮ್ಮ ಹಿನ್ನೀರಿನಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಬೊಡ್ಡೆ ನಲವತ್ತು ವರ್ಷವಾದರೂ ನಿಂತಿವೆಯಲ್ಲ, ಅದು ಯಾಕೆ ಎಂದು ಚಿಕ್ಕಂದಿನಲ್ಲಿ ಕೇಳುತ್ತಿದ್ದೆ. ಉತ್ತರ ಇಲ್ಲಿ ಸಿಕ್ಕಿತು. ಸಿಹಿನೀರಿನಲ್ಲಿ ಈ ಜೀವಿ ಬದುಕುವುದಿಲ್ಲ. ಉಪ್ಪುನೀರಿನಲ್ಲಾಗಿದ್ದರೆ ಅವು ಎಂದೋ ಮಾಯವಾಗುತ್ತಿದ್ದವು.

ಆ ಸಾಸಿವೆ ಗಾತ್ರದ ತೂತುಗಳು ತಳದಲ್ಲಿ ಸರಿಯಾಗಿ ಎಲ್ಲಿವೆ? ಗುರುವ ಟೊಳ್ಳು ಅಂದದ್ದು ಎಲ್ಲಿ? ಸುಮ್ಮನೆ ಕೇಳಿದೆ.

ನಯನ


ಕಡವಿನ ಮನೆ
20 ಜೂನ್ 2004

ನಯನಾ,

ದೋಣಿ ಕೊಟ್ಟವಳು ನೀನು, ಈಗ ತೂತು ಎಣಿಸುವವಳೂ ನೀನೇ. ನಡುವಿನ ಎರಡು ಹಲಗೆಯಲ್ಲಿ ಇವೆ. ಡಾಂಬರು ಹಾಕಿದ ಮೇಲೆ ಒಂದೂ ಕಾಣುವುದಿಲ್ಲ. ಗುರುವನ ಮಾತು ಬಿಡು, ಅವನಿಗೆ ಏಡಿ ಹಿಡಿಯುವುದು ಗೊತ್ತು, ಮರದ ವಿಷಯ ಏನು ಗೊತ್ತು?

ಮಳೆ ಹಿಡಿದಿದೆ. ನೀರು ದಿನಕ್ಕೆ ಒಂದು ಗೇಣು ಏರುತ್ತಿದೆ. ನಿನ್ನ ಅಜ್ಜನ ಗದ್ದೆಯ ಬದು ಮೊನ್ನೆಯವರೆಗೆ ಕಾಣುತ್ತಿತ್ತು, ಈಗ ಮುಳುಗಿದೆ. ಆಚೆ ದಡದವರು ದಿನಾ ಬಂದು "ಯಾವಾಗ ಬಿಡ್ತೀರಿ?" ಎಂದು ಕೇಳುತ್ತಾರೆ. ದೋಣಿಯಿಲ್ಲದಿದ್ದರೆ ಪೇಟೆಗೆ ಹದಿನೆಂಟು ಮೈಲಿ ಸುತ್ತು. ದೇವಕಿಗೆ ಈಗ ಏಳು ತಿಂಗಳು, ಆಸ್ಪತ್ರೆಗೆ ತೋರಿಸಲು ಹೋಗಬೇಕು. ಸರೋಜ ಹೂ ಮಾರಲು ಹೋಗಬೇಕು. ಜುಲೈ ಹನ್ನೆರಡು, ಸೋಮವಾರ, ಬೆಳಿಗ್ಗೆ ಮೊದಲ ದೋಣಿ ಎಂದು ಹೇಳಿದ್ದೇನೆ. ಹನ್ನೊಂದು ಜನ ಈಗಾಗಲೇ ಬರುವುದಾಗಿ ಹೇಳಿದ್ದಾರೆ.

ಒಂದು ಮಾತು. ಈ ಸಲ ಕಲ್ಲಿನ ಸವಾರಿ ಮಾಡುವುದಿಲ್ಲ. ನಿನ್ನ ಅಜ್ಜ ಹಾಕಿಕೊಟ್ಟ ಕ್ರಮ ಅದು, ನನಗೆ ಗೊತ್ತು. ವರ್ಷದ ಮೊದಲ ದೋಣಿಗೆ ಜನ ಹತ್ತಬಾರದು, ಜನರ ಲೆಕ್ಕಕ್ಕೆ ಕಲ್ಲು ಹೇರಿಕೊಂಡು ಕಡವಿನವರು ಒಬ್ಬರೇ ಹೋಗಿ ಬರಬೇಕು, ಮುಳುಗುವುದಾದರೆ ಕಲ್ಲು ಮುಳುಗಲಿ ಎನ್ನುತ್ತಿದ್ದರು. ಆದರೆ ಇದು ಮಗಳು ಪ್ರೀತಿಯಿಂದ ಕಳಿಸಿದ್ದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು. ಕಲ್ಲು ಹೇರಿದರೆ ನಿನ್ನ ಮೇಲೆ ಸಂಶಯ ಪಟ್ಟ ಹಾಗಾಗುತ್ತದೆ ಎಂದು ನನಗೆ ಮನಸ್ಸಿಲ್ಲ.

ಮೊನ್ನೆ ಮಲ್ಲೇಶಪ್ಪನ ಮಗ ಬಂದು ನಿನ್ನ ಫೋನ್ ಬಂದಿದೆ ಎಂದ. ಕೆಲಸವಿತ್ತು, ಹೋಗಲಿಲ್ಲ.

ಅಮ್ಮ


ಗಂಗೊಳ್ಳಿ
28 ಜೂನ್ 2004

ಅಮ್ಮಾ,

ದೋಣಿಯನ್ನು ನೀರಿಗೆ ಇಳಿಸಬೇಡ. ದಯವಿಟ್ಟು ಇದನ್ನು ಪೂರ್ತಿ ಓದು.

ಮೊನ್ನೆ ಸೂರನ ದೋಣಿ ಕಟ್ಟಿದ್ದ ಜಾಗದಲ್ಲೇ ಇಳಿಬಿಟ್ಟಿದ್ದ ಮಾವಿನ ಹಲಗೆಯನ್ನು ಮೇಲೆತ್ತಿದೆ. ಹತ್ತು ತಿಂಗಳಾಗಿತ್ತು. ತೊಳೆದು ನೋಡಿದರೆ ಮೈ ನುಣ್ಣಗೆ, ಸಾಸಿವೆಯಷ್ಟು ತೂತು ಎಂಟೋ ಹತ್ತೋ. ಸೀಳಿದೆ. ಒಳಗೆ ಮರವೇ ಇರಲಿಲ್ಲ. ಒಂದರ ಪಕ್ಕ ಒಂದು ಬೆರಳು ದಪ್ಪದ ಕೊಳವೆ, ನಡುವೆ ಕಾಗದದಷ್ಟು ತೆಳ್ಳಗಿನ ಗೋಡೆ. ನಿನ್ನ ದೋಣಿಯೂ ಮಾವಿನ ಹಲಗೆಯದೇ.

ಈ ಜೀವಿ ಮರದೊಳಗೆ ಹೋಗುವಾಗ ಮರಿಯಾಗಿರುತ್ತದೆ, ಸೂಜಿಮೊನೆಯಷ್ಟು ತೂತು ಸಾಕು. ಆಮೇಲೆ ಜೀವಮಾನವಿಡೀ ಒಳಗೇ ಬೆಳೆಯುತ್ತದೆ, ಹೊರಗೆ ಬರುವುದೇ ಇಲ್ಲ. ಬಾಲದ ತುದಿಯ ಎರಡು ನಳಿಗೆಯನ್ನು ಮಾತ್ರ ಆ ತೂತಿನಲ್ಲಿ ಚಾಚಿ ನೀರು ಎಳೆದುಕೊಳ್ಳುತ್ತದೆ. ಅಪಾಯ ಕಂಡರೆ ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಹಲಗೆಯ ಮೇಲ್ಮೈಯನ್ನು ಒಳಗಿನಿಂದ ಎಂದೂ ಒಡೆಯುವುದಿಲ್ಲ. ಪಕ್ಕದ ಕೊಳವೆಯನ್ನೂ ಒಡೆಯುವುದಿಲ್ಲ. ಪಕ್ಕದ್ದು ಮರ ಉಜ್ಜುವಾಗಿನ ಅದುರಾಟ ಮೈಗೆ ತಿಳಿದು ದಾರಿ ತಿರುಗಿಸುತ್ತದೆ ಎಂದು ನಮ್ಮ ಊಹೆ. ಅದಕ್ಕೇ ಹೊರಗಿನಿಂದ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ.

ಜನ ಕಾದರೆ ಕಾಯಲಿ. ಈ ವರ್ಷ ಕಡವು ಬಿಟ್ಟುಬಿಡು ಅಮ್ಮಾ. ನಿನಗೂ ಐವತ್ತನಾಲ್ಕಾಯಿತು. ಇಲ್ಲಿ ನನ್ನ ಜೊತೆ ಬಂದಿರು, ಮಳೆಗಾಲ ಕಳೆದ ಮೇಲೆ ನೋಡೋಣ.

ಹದಿನೈದು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದ್ದೇನೆ. ನನ್ನ ದನಿ ಕೇಳಲು ನಿನಗೆ ಅಷ್ಟು ಬೇಸರವೇ?

ನಯನ


ಕಡವಿನ ಮನೆ
5 ಜುಲೈ 2004

ನಯನಾ,

ನಿನ್ನ ಕಾಗದದಲ್ಲಿ ಎರಡು ಪುಟ ಹುಳದ ಕಥೆ, ಕೊನೆಗೆ ಎರಡು ಸಾಲು ನಿಜ. "ಕಡವು ಬಿಟ್ಟುಬಿಡು, ಇಲ್ಲಿ ಬಂದಿರು." ಇದನ್ನು ಹೇಳುವುದಕ್ಕೆ ಅಷ್ಟು ಸುತ್ತಿ ಬಳಸಿ ಬರಬೇಕಿತ್ತೇ? ದೋಣಿ ಕಳಿಸಿ ನನ್ನ ಬಾಯಿ ಮುಚ್ಚಿಸಿದೆ, ಈಗ ಅದೇ ದೋಣಿಯಲ್ಲಿ ಹುಳುಕು ಹುಡುಕಿ ನನ್ನನ್ನು ಇಲ್ಲಿಂದ ಎಬ್ಬಿಸಲು ನೋಡುತ್ತೀಯ. ಹಾಗಿದ್ದರೆ ಕೊಟ್ಟದ್ದೇಕೆ?

ನಮ್ಮ ಗದ್ದೆ ಮುಳುಗಿದಾಗ ನಿನ್ನ ಅಜ್ಜ ಬೇರೆ ಊರಿಗೆ ಹೋಗಲಿಲ್ಲ. ಮುಳುಗಿದ ಗದ್ದೆಯ ಮೇಲೇ ದೋಣಿ ಬಿಟ್ಟರು. ನಿನ್ನ ಅಪ್ಪ ತೀರಿಕೊಂಡ ಹನ್ನೊಂದನೇ ದಿನ ನಾನು ಹುಟ್ಟು ಹಿಡಿದೆ. ಆ ಹುಟ್ಟಿನಿಂದಲೇ ನೀನು ಓದಿದ್ದು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಚಪ್ಪಲಿಯೂ ನನ್ನ ದೋಣಿಯಲ್ಲಿ ಒದ್ದೆಯಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ನಾನು ಬಡಿದಿದ್ದೇನೆ, ಮರ ಗಟ್ಟಿಯಿದೆ.

ಸೋಮವಾರ ದೋಣಿ ಬಿಡುತ್ತೇನೆ. ಇನ್ನು ಈ ವಿಷಯ ಬರೆಯಬೇಡ.

ಜಲಜಮ್ಮ


ಗಂಗೊಳ್ಳಿ
8 ಜುಲೈ 2004, ಸ್ಪೀಡ್ ಪೋಸ್ಟ್

ಅಮ್ಮಾ,

ಕಾಗದದ ಕೆಳಗೆ ಅಮ್ಮ ಎಂದು ಬರೆಯದೆ ಹೆಸರು ಬರೆದಿದ್ದೀಯ. ಇರಲಿ. ಬೈಯುವುದು ಇನ್ನೂ ಇದೆ, ಎಲ್ಲ ಸೇರಿಸಿ ಬೈ.

ನಾನು ಒಂದು ಮಾತು ಮುಚ್ಚಿಟ್ಟಿದ್ದೆ. ದೋಣಿ ಕೊಡುವ ದಿನ ಸೂರ ಖಾರ್ವಿ ಹೇಳಿದ್ದ: "ತಂಗೀ, ಎರಡು ವರ್ಷ ನೀರಲ್ಲೇ ಇತ್ತು, ಹುಳ ಬಿದ್ದಿರ್ಕು. ಸಿಹಿನೀರಿಗೆ ಬಿಟ್ರೆ ಸಾಯ್ತ್." ಅವನು ಮೋಸ ಮಾಡಲಿಲ್ಲ. ಸಾಯುತ್ತದೆ ಎಂಬ ಮಾತು ಹಿಡಿದುಕೊಂಡು ನಾನು ಖುಷಿಪಟ್ಟೆ. ನಮ್ಮ ಹಿನ್ನೀರು ಸಿಹಿನೀರು, ಹುಳ ಸತ್ತರೆ ದೋಣಿ ಸರಿಯಾಯಿತು ಎಂದುಕೊಂಡೆ. ಮೂರು ವರ್ಷದಿಂದ ಇದೇ ಓದುತ್ತಿರುವವಳಿಗೆ, ತಿಂದ ಮರ ತಿರುಗಿ ಬರುವುದಿಲ್ಲ ಎಂಬ ಬುದ್ಧಿ ಹೊಳೆಯಲಿಲ್ಲ. ಇಲ್ಲ, ಹೊಳೆದಿತ್ತು. ನೀನು ಮತ್ತೆ ಮಾತಾಡುತ್ತೀಯ ಎಂಬ ಆಸೆಗೆ ಅದನ್ನು ಪಕ್ಕಕ್ಕೆ ತಳ್ಳಿದೆ.

ನಾನೇ ಬಂದು ದೋಣಿಗೆ ಅಡ್ಡ ಮಲಗುತ್ತಿದ್ದೆ. ಆಗುತ್ತಿಲ್ಲ. ಆ ಹಲಗೆ ಎತ್ತುವ ದಿನ ಪಾಚಿಗಲ್ಲಿನ ಮೇಲೆ ಜಾರಿ ಕಾಲಿನ ಮೂಳೆ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ನೀನು ಗಾಬರಿಯಾಗುತ್ತೀಯ ಎಂದು ಹೇಳಿರಲಿಲ್ಲ. ಮಲ್ಲೇಶಪ್ಪನ ಫೋನ್ ಮೂರು ದಿನದಿಂದ ಸತ್ತಿದೆ. ಈ ಕಾಗದ ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ.

ಕಡವು ಬಿಡು ಅನ್ನುವುದಿಲ್ಲ. ಇಲ್ಲಿಗೆ ಬಾ ಎಂದೂ ಇನ್ನು ಯಾವತ್ತೂ ಅನ್ನುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಅಜ್ಜನ ಕ್ರಮ ತಪ್ಪಿಸಬೇಡ. ಕಲ್ಲು ಹೇರಿ ನೋಡು, ದಡದ ಹತ್ತಿರವೇ ನೋಡು, ಹಗ್ಗ ಕಟ್ಟಿ ನೋಡು. ನನ್ನ ಮೇಲೆ ಸಂಶಯ ಪಡು ಅಮ್ಮಾ.

ನಯನ


ಗಂಗೊಳ್ಳಿ
15 ಜುಲೈ 2004, ಕಾರ್ಡು

ಅಮ್ಮಾ,

ಸೋಮವಾರ ಹೋಯಿತು. ಮಂಗಳವಾರ, ಬುಧವಾರವೂ ಹೋಯಿತು. ಪೇಪರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಸುದ್ದಿಯನ್ನೆಲ್ಲ ಮೂಲೆಮೂಲೆ ಓದುತ್ತಿದ್ದೇನೆ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿಲ್ಲ. ಬೈದಾದರೂ ಬರಿ.

ನಯನ


ಗಂಗೊಳ್ಳಿ
19 ಜುಲೈ 2004, ಕಾರ್ಡು

ಅಮ್ಮಾ,

ಮಲ್ಲೇಶಪ್ಪನ ಫೋನ್ ಸರಿಯಾಗಿದೆ. "ನಿಮ್ಮಮ್ಮ ಅದಾರೆ" ಎಂದ. ಹೇಗಿದ್ದಾಳೆ ಎಂದರೆ "ಅವ್ರೇ ಬರೀತಾರಂತೆ, ನನ್ ಹತ್ರ ಎಂತದೂ ಹೇಳ್ಬೇಡ ಅಂದಿದಾರೆ" ಎಂದು ಇಟ್ಟುಬಿಟ್ಟ. ಒಂದು ಕಡೆ ಕೂರಲು ಆಗುತ್ತಿಲ್ಲ, ಎದ್ದು ಓಡಾಡಲು ಕಾಲಿಲ್ಲ. ಆ ಹನ್ನೊಂದು ಜನ ಏನಾದರು? ಅದೊಂದನ್ನು ಹೇಳು.

ನಯನ


ಕಡವಿನ ಮನೆ
24 ಜುಲೈ 2004

ನಯನಾ,

ಹನ್ನೊಂದು ಜನರೂ ಚೆನ್ನಾಗಿದ್ದಾರೆ. ನಾನೂ ಇದ್ದೇನೆ. ಮೊದಲು ಇಷ್ಟು ಓದಿಕೊಂಡು ನೀರು ಕುಡಿ, ಉಳಿದದ್ದು ಆಮೇಲೆ ಓದು. ಬಲಗೈ ತರಚಿ ಬಾತಿತ್ತು, ಜ್ವರವೂ ಬಂದಿತ್ತು, ಬರೆಯಲು ಆಗಲಿಲ್ಲ. ಬೇರೆಯವರ ಕೈಲಿ ಬರೆಸುವ ಸಂಗತಿಯೂ ಇದಲ್ಲ.

ನಿನ್ನ ಸ್ಪೀಡ್ ಪೋಸ್ಟ್ ಶನಿವಾರ ಬಂತು. ಓದಿ ಮೈ ಉರಿಯಿತು. ಸೂರನ ಮಾತು ಮುಚ್ಚಿಟ್ಟದ್ದಕ್ಕೆ ಒಂದು ಸಿಟ್ಟು, ಕಾಲು ಮುರಿದುಕೊಂಡು ಹೆತ್ತವಳಿಗೆ ಹೇಳದಿದ್ದದ್ದಕ್ಕೆ ಅದರ ಎರಡರಷ್ಟು. ಆ ದಿನವೆಲ್ಲ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದೆ, ಅನ್ನ ಸೇರಲಿಲ್ಲ. ಬೈಗುಳವೆಲ್ಲ ಖಾಲಿಯಾದ ಮೇಲೆ ಒಂದು ಮಾತು ಮಾತ್ರ ಉಳಿಯಿತು. ನನ್ನ ಮೇಲೆ ಸಂಶಯ ಪಡು ಎಂದು ಯಾವ ಮಗಳೂ ತಾಯಿಗೆ ಸುಮ್ಮನೆ ಬರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಗುರುವನನ್ನು ಕರೆದು ಕಲ್ಲು ಹೇರಿಸಿದೆ. ಅಜ್ಜ ಮಾಡುತ್ತಿದ್ದ ಹಾಗೆಯೇ ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಕಲ್ಲು. ಸರೋಜಳ ಕಲ್ಲು ಎತ್ತುವಾಗ ಗುರುವ "ಇವ್ಳು ಹೂ ಮಾರ್ತಾಳೋ ತಿಂತಾಳೋ" ಎಂದು ಏದುಸಿರು ಬಿಟ್ಟ. ದೇವಕಿಗೆ ಒಂದು ಕಲ್ಲು ಇಟ್ಟು, ಹೊಟ್ಟೆಯಲ್ಲಿರುವುದಕ್ಕೆ ಅಂತ ಪುಟ್ಟದೊಂದು ಪಕ್ಕದಲ್ಲಿಟ್ಟೆ. "ನಾನೂ ಬತ್ತೀನಿ" ಎಂದು ಗುರುವ ಹಟ ಮಾಡಿದ. ಕ್ರಮ ಕ್ರಮವೇ, ಬೇಡ ಎಂದೆ. ಹಗ್ಗ ಕಟ್ಟು, ದಡದ ಹತ್ತಿರವೇ ನೋಡು ಎಂದು ನೀನು ಬರೆದಿದ್ದೆ. ಅದನ್ನು ಮಾತ್ರ ಕೇಳಲಿಲ್ಲ. ಅಷ್ಟೂ ಕೇಳಿದರೆ ನಾನು ನಿನ್ನ ಅಮ್ಮ ಹೇಗಾಗುತ್ತೇನೆ?

ನಡುನೀರು ತಲುಪುವವರೆಗೆ ಹಾಯಾಗಿಯೇ ಹೋಯಿತು. ನೋಡು ನಯನಾ, ನಿನ್ನ ಹುಳವೂ ನೀನೂ ಎಂದು ಮನಸ್ಸಿನಲ್ಲೇ ನಿನ್ನನ್ನು ಆಡಿಕೊಂಡೆ. ಅಷ್ಟರಲ್ಲಿ ಕಾಲಿಗೆ ತಣ್ಣಗಾಯಿತು. ಬಗ್ಗಿ ನೋಡಿದರೆ ತಳದ ಎರಡು ಹಲಗೆ ಇದ್ದ ಕಡೆ ನೀರಿತ್ತು. ಮೊದಲು ಸರೋಜಳ ಕಲ್ಲು ಇಳಿದುಹೋಯಿತು, ಹಿಂದೆಯೇ ದೇವಕಿಯದೂ ಆ ಪುಟ್ಟದೂ. ನಾನು ನೋಡುತ್ತಲೇ ಇದ್ದೆ. ಆಮೇಲೆ ನಾನೂ ನೀರಿನಲ್ಲಿದ್ದೆ.

ಈಜಿ ಹೋಗಿ ಹಿಡಿದುಕೊಂಡದ್ದು ಒಂದು ಮತ್ತಿ ಮರದ ಬೊಡ್ಡೆಯನ್ನು. ನೀನು ಬರೆದಿದ್ದೆಯಲ್ಲ, ಸಿಹಿನೀರಿನಲ್ಲಿ ನಲವತ್ತು ವರ್ಷವಾದರೂ ನಿಂತಿವೆ ಎಂದು. ನಿಂತಿತ್ತು. ಕೈ ತರಚಿದ್ದು ಅದರಲ್ಲೇ. ಅಜ್ಜನ ಗದ್ದೆಯಂಚಿನ ಮರವೇ ಇರಬೇಕು. ಅಲ್ಲಿಗೆ ಗುರುವ ತೆಪ್ಪ ತಂದ.

ಈಗ ಮುಚ್ಚಿಟ್ಟದ್ದನ್ನು ಹೇಳುವ ಸರದಿ ನನ್ನದು. ಹಲಗೆ ಒಡೆದಾಗ ಮರ ಸಿಡಿದ ಹಾಗೆ ಸದ್ದಾಯಿತಂತೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ದೇವಕಿಗೆ ಕೇಳಿ ಚೀರಿಕೊಂಡಳಂತೆ. ದೋಣಿಯಲ್ಲೇ ಕೂತಿದ್ದ ನನಗೆ ಕೇಳಲಿಲ್ಲ. ಗುರುವ ತೆಪ್ಪದಲ್ಲಿ ಹತ್ತು ಸಲ ಕೂಗಿಕೊಂಡೇ ಬಂದನಂತೆ. ಅವನು ಭುಜ ಮುಟ್ಟಿದಾಗಲೇ ನನಗೆ ಗೊತ್ತಾದದ್ದು.

ಎಡಗಿವಿ ಹೋಗಿ ಎರಡು ವರ್ಷವಾಯಿತು. ಬಲಗಿವಿಯೂ ಹೋದ ದೀಪಾವಳಿಯಿಂದ ಕೇಳುವುದಿಲ್ಲ, ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಫೋನಿಗೆ ಬಾರದಿದ್ದದ್ದು ಬೇಸರದಿಂದಲ್ಲ ಮಗಳೇ, ಬಂದರೂ ನಿನ್ನ ದನಿ ನನಗೆ ಸಿಗುತ್ತಿರಲಿಲ್ಲ. ಆಚೆ ದಡದವರು ಕೂಗುವಾಗ ಕೈಯನ್ನೂ ಬೀಸುತ್ತಾರೆ, ಕೈ ನೋಡಿ ದೋಣಿ ತರುತ್ತಿದ್ದೆ. ಕೇಳಿಸಿತು ಎಂದು ಅವರು ತಿಳಿದುಕೊಂಡಿದ್ದರು. ಆ ದಿನ ಊರೆದುರು ದೋಣಿ ಬಡಿದೆನಲ್ಲ, ಏನೂ ಕೇಳಲಿಲ್ಲ. ಕೇಳಲಿಲ್ಲ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಗಟ್ಟಿಯಿದೆ ಎಂದುಬಿಟ್ಟೆ. ಗುರುವನ ಕಿವಿ ಸರಿಯಿತ್ತು, ಅವನನ್ನೇ ಗದರಿಸಿದೆ. ಕಡವು ಬಿಡು ಎಂದು ನೀನು ಅಂದಾಗಲೆಲ್ಲ ರೇಗುತ್ತಿದ್ದದ್ದೂ ಇದಕ್ಕೇ. ಒಂದಲ್ಲ ಒಂದು ದಿನ ಆ ಮಾತೇ ಸರಿಯಾಗುತ್ತದೆ ಎಂದು ನನಗೆ ಭಯ.

ಸೋಮವಾರ ಆ ಹನ್ನೊಂದು ಜನ ಸುತ್ತು ದಾರಿಯಲ್ಲಿ ನನ್ನನ್ನು ಬೈಯುತ್ತಾ ಪೇಟೆಗೆ ಹೋದರು. ದೇವಕಿ ಮಾತ್ರ ಬೈಯಲಿಲ್ಲ, ಅವಳನ್ನು ಗಾಡಿಯಲ್ಲಿ ಕಳಿಸಿದೆ. ಎಲ್ಲರಿಗೂ ನನ್ನ ಕಿವಿಯ ವಿಷಯ ನಾನೇ ಹೇಳಿದೆ. ಆಚೆ ದಡದಲ್ಲಿ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿಸಿದ್ದೇನೆ. ಇನ್ನು ಮೇಲೆ ಕೂಗಬೇಡಿ, ಅದನ್ನು ಎತ್ತಿ ಎಂದಿದ್ದೇನೆ.

ತೇಲಿಬಂದ ಹಲಗೆಯ ತುಂಡೊಂದನ್ನು ಪಾರ್ಸೆಲ್ ಮಾಡಿದ್ದೇನೆ. ಸುಣ್ಣದ ಕೊಳವೆಗಳು ಬೆಳ್ಳಗೆ ಕಾಣುತ್ತವೆ. ಪಕ್ಕದ್ದು ಉಜ್ಜುವುದು ಮೈಗೆ ತಿಳಿಯುತ್ತದೆ ಎಂದಿದ್ದೆಯಲ್ಲ. ಕಿವಿಯೇ ಇಲ್ಲದ ಹುಳಕ್ಕೆ ತಿಳಿದದ್ದು ಮರ ಬಡಿಯುವ ಜಲಜಮ್ಮನಿಗೆ ತಿಳಿಯಲಿಲ್ಲ. ನಿನ್ನ ಪುಸ್ತಕದಲ್ಲಿ ಇದನ್ನೂ ಬರೆದುಕೋ.

ಶೃಂಗೇರಿ ಹತ್ತಿರ ಬೇಗಾರಿನಲ್ಲಿ ಹೊಸ ದೋಣಿಗೆ ಆಗುವಂಥ, ಗಾಳಿಗೆ ಬಿದ್ದ ಹೆಬ್ಬಲಸಿನ ಮರವೊಂದು ಇದೆಯಂತೆ. ಸಮುದ್ರ ನೋಡದ ಮರ. ಪ್ಲಾಸ್ಟರ್ ತೆಗೆದ ಮೇಲೆ ಬಾ, ಇಬ್ಬರೂ ಹೋಗಿ ನೋಡೋಣ. ನಾನೇ ಬಡಿಯುತ್ತೇನೆ, ಆ ಅಭ್ಯಾಸ ಬಿಡಲಾರೆ. ನೀನು ಹಿಂದೆ ನಿಂತು ಕೇಳು. ಗಟ್ಟಿಯಿದ್ದರೆ ನನ್ನ ಬೆನ್ನ ಮೇಲೆ ಕೈಯಿಡು. ಟೊಳ್ಳಾಗಿದ್ದರೆ ಮುಚ್ಚಿಡಬೇಡ, ಕೈ ತೆಗೆ.

ಅಮ್ಮ